ಸಿಟ್ಟು ಎಲ್ಲಿ ದ್ವೇಷವಾಯಿತು

(ಶಿವಮೊಗ್ಗದಲ್ಲಿ ಮಳೆಗಾಲದ ಒಂದು ಶನಿವಾರ ಸಂಜೆ ಕಾಲೇಜು ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಆಡಿದ ಮಾತು ಇದು. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಇಸವಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಸಂತೋಷ. ಹೆಂಚಿನ ಮೇಲೆ ಮಳೆ ಸದ್ದು ಜಾಸ್ತಿಯಾಗಿ ನನ್ನ ಮಾತು ಕೇಳದಿದ್ದರೆ ಹಿಂದೆ ಕೂತವರು ಕೈ ಎತ್ತಿ.

2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಒಂದು ಆಟೋದೊಳಗೆ ಕುಕ್ಕರ್ ಬಾಂಬ್ ಸಿಡಿಯಿತು. ಒಂದೆರಡು ದಿನದಲ್ಲೇ ಆರೋಪಿಯ ಊರೆಂದು ಎಲ್ಲ ಟಿವಿಗಳಲ್ಲಿ ನಮ್ಮ ತೀರ್ಥಹಳ್ಳಿಯ ಹೆಸರು ಬಂತು. ಆ ಪ್ರಕರಣದ ಸರಿ ತಪ್ಪು ನ್ಯಾಯಾಲಯ ಹೇಳಬೇಕು, ನಾನಲ್ಲ. ನನಗೆ ನೆನಪಿರುವುದು ಆ ವಾರ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ ಒಂದೇ ಪ್ರಶ್ನೆ. "ನಮ್ಮ ಕಡೆಯಿಂದ ಇಂಥದ್ದು ಹೆಂಗೆ ಸಾಧ್ಯ?" ಎಂದು. ಎಲ್ಲೋ ಕಾಬೂಲಿನಲ್ಲಿ, ಬಾಗ್ದಾದಿನಲ್ಲಿ ನಡೆಯುವ ವಿಷಯ ಎಂದುಕೊಂಡದ್ದು ತುಂಗಾ ನದಿಯ ದಡಕ್ಕೆ ಬಂದಾಗ ಎಲ್ಲರಿಗೂ ದಿಗಿಲಾಗಿತ್ತು. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ನನ್ನ ಹತ್ತಿರವೂ ಆ ವಾರ ನೆಟ್ಟಗೆ ಒಂದು ಉತ್ತರ ಇರಲಿಲ್ಲ. ಇವತ್ತು ಹೇಳುವುದು ಆಮೇಲೆ ಕೂತು ಓದಿ, ಯೋಚಿಸಿ ಕಂಡುಕೊಂಡದ್ದು.

ಸಾಮಾನ್ಯವಾಗಿ ಎರಡು ಉತ್ತರ ಕೊಡುತ್ತಾರೆ. ಒಂದು, ಬಡತನ. ಇದು ನಿಲ್ಲುವುದಿಲ್ಲ. ಒಸಾಮಾ ಬಿನ್ ಲಾದೆನ್ ಸೌದಿಯ ದೊಡ್ಡ ಕಟ್ಟಡ ಗುತ್ತಿಗೆದಾರರ ಮನೆಯ ಮಗ. ಅವನ ಬಲಗೈಯಾಗಿದ್ದ ಅಯ್ಮನ್ ಜವಾಹಿರಿ ಕೈರೋದ ಹೆಸರುವಾಸಿ ಮನೆತನದವನು, ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಗೋಪುರಕ್ಕೆ ಮೊದಲ ವಿಮಾನ ನುಗ್ಗಿಸಿದ ಮೊಹಮ್ಮದ್ ಅತ್ತಾ ಕೈರೋದಲ್ಲಿ ವಾಸ್ತುಶಿಲ್ಪ ಕಲಿತು, ಜರ್ಮನಿಯ ಹ್ಯಾಂಬರ್ಗಿನಲ್ಲಿ ನಗರ ಯೋಜನೆ ಓದಿದವನು. ಇಂಥ ಗುಂಪುಗಳನ್ನು ಅಧ್ಯಯನ ಮಾಡಿದ ವಿದ್ವಾಂಸರು ಅವುಗಳಲ್ಲಿ ಎಂಜಿನಿಯರಿಂಗ್ ಓದಿದವರು ನಿರೀಕ್ಷೆಗಿಂತ ಬಹಳ ಜಾಸ್ತಿ ಇದ್ದಾರೆ ಎಂದು ತೋರಿಸಿದ್ದಾರೆ. ಬಡತನವೇ ಕಾರಣ ಅನ್ನುವುದು ಬಡವರ ಮೇಲೆ ಹೊರಿಸುವ ಸುಳ್ಳು ಆಪಾದನೆ.

ಇನ್ನೊಂದು ಉತ್ತರ, ಧರ್ಮಗ್ರಂಥ. ಅದರಲ್ಲೇ ಹಾಗೆ ಬರೆದಿದೆ ಎಂಬುದು. ಹಾಗಿದ್ದರೆ ಅದನ್ನು ದಿನಾ ಓದುವ ಕೋಟ್ಯಂತರ ಜನ, ಈ ಊರಿನ ಗಾಂಧಿ ಬಜಾರಿನಲ್ಲಿ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ರಾತ್ರಿ ಲೆಕ್ಕ ಬರೆದು ಮನೆಗೆ ಹೋಗುವವರು, ಏಕೆ ಹಾಗಾಗಲಿಲ್ಲ? ನಾವು ಮೂಲಭೂತವಾದ ಎನ್ನುತ್ತೇವಲ್ಲ, ಆ ಪದದ ಮೂಲ ಇಂಗ್ಲಿಷ್ ಪದ ಹುಟ್ಟಿದ್ದೇ ಅಮೆರಿಕದ ಪ್ರೊಟೆಸ್ಟೆಂಟ್ ಕ್ರೈಸ್ತರ ನಡುವೆ, 1920ರಲ್ಲಿ. ಐದು ವರ್ಷ ಕಳೆದು, 1925ರಲ್ಲಿ, ಅಲ್ಲಿನ ಟೆನೆಸ್ಸಿಯಲ್ಲಿ ವಿಕಾಸವಾದ ಪಾಠ ಮಾಡಿದ ಒಬ್ಬ ಮೇಷ್ಟರನ್ನು ಕೋರ್ಟಿಗೆ ಎಳೆದರು. 1995ರಲ್ಲಿ ಟೋಕಿಯೋದ ಸುರಂಗ ರೈಲಿನಲ್ಲಿ ವಿಷಾನಿಲ ಬಿಟ್ಟವರು ಇನ್ನೊಂದೇ ಪಂಥದವರು. ಅದೇ ವರ್ಷ ಇಸ್ರೇಲಿನ ಪ್ರಧಾನಿ ರಬಿನ್ ಅವರನ್ನು ಕೊಂದವನು ಧರ್ಮನಿಷ್ಠ ಯಹೂದಿ ಯುವಕ. 1948ರ ಜನವರಿ 30ರ ಗುಂಡು ಯಾರ ಕೈಯಿಂದ ಬಂತು ಎಂದು ನಿಮಗೆ ಹೇಳಬೇಕಾಗಿಲ್ಲ. ಯಾವ ಧರ್ಮದ ಮನೆಯೂ ಇದರಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ.

ಹಾಗಾದರೆ ಬೇರು ಎಲ್ಲಿದೆ? ಒಬ್ಬ ಮನುಷ್ಯನ ಕಥೆಯಿಂದ ಶುರು ಮಾಡುತ್ತೇನೆ.

1948ರಲ್ಲಿ ಈಜಿಪ್ಟಿನ ಶಿಕ್ಷಣ ಇಲಾಖೆ ತನ್ನ ಒಬ್ಬ ಅಧಿಕಾರಿಯನ್ನು ಅಮೆರಿಕಕ್ಕೆ ಓದಲು ಕಳಿಸಿತು. ಹೆಸರು ಸಯ್ಯದ್ ಕುತ್ಬ್. ವಯಸ್ಸು ನಲವತ್ತೆರಡು. ಹಳ್ಳಿಯಲ್ಲಿ ಹುಟ್ಟಿ ಬೆಳೆದವನು, ಕವಿತೆ ಬರೆದವನು, ಸಾಹಿತ್ಯ ವಿಮರ್ಶಕ. ಕೊಲೊರಾಡೋದ ಗ್ರೀಲಿ ಎಂಬ ಸಣ್ಣ ಊರಿನಲ್ಲಿ ಕೆಲವು ತಿಂಗಳು ಇದ್ದ. ಆ ಊರು ಅವನಿಗೆ ಹಿಡಿಸಲಿಲ್ಲ. ಜನ ತಮ್ಮ ತಮ್ಮ ಮನೆ ಮುಂದಿನ ಹುಲ್ಲುಹಾಸಿಗೆ ಅಷ್ಟೊಂದು ಹೊತ್ತು ಕೊಡುವುದು, ಪಕ್ಕದ ಮನೆಯವರ ಕಡೆ ತಿರುಗಿ ನೋಡದಿರುವುದು ಅವನಿಗೆ ವಿಚಿತ್ರವಾಗಿ ಕಂಡಿತು. ಕ್ಷೌರದವರು ಕೂದಲು ಕತ್ತರಿಸುವ ರೀತಿಯೂ ಸೇರಲಿಲ್ಲ. ಒಂದು ರಾತ್ರಿ ಚರ್ಚಿನ ಸಭಾಂಗಣಕ್ಕೆ ಹೋದರೆ ಪಾದ್ರಿಯೇ ದೀಪ ಮಂದ ಮಾಡಿ, ಗ್ರಾಮಾಫೋನ್ ಹಾಕಿ, ಹುಡುಗ ಹುಡುಗಿಯರನ್ನು ಕುಣಿಯಲು ಕರೆಯುತ್ತಿದ್ದಾರೆ! ದೇವರ ಮನೆಯಲ್ಲಿ ಇದೇನು ಎಂದು ಅವನು ದಂಗಾದ. ಕಪ್ಪು ಜನರನ್ನು ಅಲ್ಲಿ ನಡೆಸಿಕೊಳ್ಳುತ್ತಿದ್ದ ರೀತಿಯನ್ನೂ ನೋಡಿದ. ಊರಿಗೆ ವಾಪಸು ಬಂದು ಎಲ್ಲವನ್ನೂ ಬರೆದ.

ಇಲ್ಲಿಯವರೆಗೆ ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಪರದೇಶದಲ್ಲಿ ಒಂಟಿಯಾದ ಮನುಷ್ಯನ ಮುನಿಸು ಅದು. ನಮ್ಮ ಮಲೆನಾಡಿನ ಎಷ್ಟೋ ಅಪ್ಪ ಅಮ್ಮಂದಿರು ಮಕ್ಕಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದು ಇದೇ ಮಾತು ಆಡುತ್ತಾರೆ, ಅಲ್ವಾ?

ಮುನಿಸು ವಿಷವಾದದ್ದು ಜೈಲಿನಲ್ಲಿ. ಕುತ್ಬ್ ಮುಸ್ಲಿಂ ಬ್ರದರ್‌ಹುಡ್ ಸೇರಿದ್ದ. 1928ರಲ್ಲಿ, ಬ್ರಿಟಿಷ್ ಸೈನ್ಯ ಮತ್ತು ಸೂಯೆಜ್ ಕಾಲುವೆ ಕಂಪನಿ ಬೀಡುಬಿಟ್ಟಿದ್ದ ಇಸ್ಮಾಯಿಲಿಯಾದಲ್ಲಿ, ಹಸನ್ ಅಲ್ ಬನ್ನಾ ಎಂಬ ಶಾಲಾ ಮೇಷ್ಟರು ಕಟ್ಟಿದ ಸಂಘಟನೆ ಅದು. ಆಗ ಈಜಿಪ್ಟಿನ ಪ್ರಧಾನಿಯಾಗಿದ್ದ ನಾಸೆರ್ ಮೇಲೆ ಗುಂಡು ಹಾರಿಸುವ ಯತ್ನ 1954ರಲ್ಲಿ ನಡೆಯಿತು. ಆಮೇಲೆ ಆ ಸಂಘಟನೆಯವರನ್ನೆಲ್ಲ ಒಳಗೆ ಹಾಕಿದರು. ಕುತ್ಬ್‌ನಿಗೆ ಅಲ್ಲಿ ಚಿತ್ರಹಿಂಸೆ ಆಯಿತು. ಹೊಡೆದವರು ಅಮೆರಿಕದವರಲ್ಲ, ಅವನದೇ ದೇಶದ, ಅವನದೇ ಧರ್ಮದ ಪೊಲೀಸರು. ಅಲ್ಲಿ ಕೂತು ಅವನು ಒಂದು ತೀರ್ಮಾನಕ್ಕೆ ಬಂದ. ಪಶ್ಚಿಮ ಮಾತ್ರ ಅಲ್ಲ, ತಮ್ಮನ್ನು ಮುಸ್ಲಿಮರು ಎಂದು ಕರೆದುಕೊಳ್ಳುವ ಈ ಆಳುವವರೂ ಅಜ್ಞಾನದ ಕಾಲದವರೇ, ಇಡೀ ಲೋಕವೇ ಕೆಟ್ಟಿದೆ, ಕೆಲವರು ಮಾತ್ರ ಶುದ್ಧರು ಎಂದು. 1966ರಲ್ಲಿ ಅವನನ್ನು ಗಲ್ಲಿಗೆ ಹಾಕಿದರು. ಬರಹಗಳು ಉಳಿದವು. ಜವಾಹಿರಿಯಂಥವರು ಅವನ್ನು ಓದಿಕೊಂಡೇ ಬೆಳೆದರು.

ಇನ್ನು ಇರಾನ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಒಬ್ಬ ಇಂಗ್ಲಿಷ್ ಉದ್ಯಮಿ 1901ರಲ್ಲಿ ಇರಾನಿನ ಷಾನಿಂದ, ಅಂದರೆ ಅಲ್ಲಿನ ದೊರೆಯಿಂದ, ಎಣ್ಣೆ ತೆಗೆಯುವ ಹಕ್ಕು ಬರೆಸಿಕೊಂಡ. ಇರಾನಿಗೆ ಲಾಭದಲ್ಲಿ ಶೇಕಡ 16 ಎಂದು ಒಪ್ಪಂದ. 1908ರಲ್ಲಿ ಎಣ್ಣೆ ಸಿಕ್ಕಿತು. ಅಬಾದಾನ್‌ನಲ್ಲಿ ಜಗತ್ತಿನಲ್ಲೇ ದೊಡ್ಡ ಎಣ್ಣೆ ಶುದ್ಧೀಕರಣ ಕಾರ್ಖಾನೆ ಎದ್ದಿತು. ಬ್ರಿಟಿಷ್ ಅಧಿಕಾರಿಗಳಿಗೆ ಬಂಗಲೆ, ತೋಟ, ಈಜುಕೊಳ. ಇರಾನಿ ಕೂಲಿಗಳು ಇದ್ದ ಜೋಪಡಿಗಳ ಜಾಗಕ್ಕೆ ಕಾಗಜಾಬಾದ್ ಎಂದು ಹೆಸರು, ಅಂದರೆ ಕಾಗದದ ಊರು. 1940ರ ದಶಕದಲ್ಲಿ ಆ ಕಂಪನಿ ಇರಾನಿಗೆ ಕೊಟ್ಟ ಪಾಲಿಗಿಂತ ಬ್ರಿಟಿಷ್ ಸರ್ಕಾರಕ್ಕೆ ಕಟ್ಟಿದ ತೆರಿಗೆಯೇ ಜಾಸ್ತಿ. ನೆಲ ಇವರದು, ಎಣ್ಣೆ ಇವರದು, ಬೆವರು ಇವರದು!

ಆಗ ಮೊಸಾದ್ದೆಕ್ ಪ್ರಧಾನಿಯಾಗಿ ಬಂದರು. ಯುರೋಪಿನಲ್ಲಿ ಕಾನೂನು ಓದಿದ ಮುದುಕರು. ಮತಾಂಧರಲ್ಲವೇ ಅಲ್ಲ. 1951ರಲ್ಲಿ ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿದರು. ಸಂಸತ್ತಿನಲ್ಲಿ ಮತ ಹಾಕಿ, ಕಾನೂನು ಮಾಡಿ, ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ತಾವೇ ನಿಂತು ವಾದಿಸಿ ಮಾಡಿದ ಕೆಲಸ ಅದು. 1953ರ ಆಗಸ್ಟಿನಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಗೂಢಚಾರ ಸಂಸ್ಥೆಗಳು ದುಡ್ಡು ಚೆಲ್ಲಿ, ಬಾಡಿಗೆ ಗುಂಪು ಎಬ್ಬಿಸಿ, ಸೈನ್ಯದ ಕೆಲವರನ್ನು ಹಿಡಿದು ಅವರನ್ನು ಉರುಳಿಸಿದವು. ಸಿಐಎ ತನ್ನ ಪಾತ್ರವನ್ನು ತನ್ನದೇ ದಾಖಲೆಗಳಲ್ಲಿ ಬಹಿರಂಗವಾಗಿ ಒಪ್ಪಿಕೊಂಡದ್ದು 2013ರಲ್ಲಿ, ಅರವತ್ತು ವರ್ಷ ಕಳೆದ ಮೇಲೆ.

ಆಗಿನ ಷಾ ಮತ್ತೆ ಗಟ್ಟಿಯಾಗಿ ಕೂತ. ಪಕ್ಷಗಳು ಹೋದವು, ಪತ್ರಿಕೆಗಳ ಬಾಯಿ ಮುಚ್ಚಿತು, ಗುಪ್ತ ಪೊಲೀಸರು ಬಂದರು. ಜನ ಸೇರಿ ಮಾತಾಡಲು ಒಂದೇ ಜಾಗ ಉಳಿಯಿತು, ಮಸೀದಿ. ಹಾಗಾಗಿ ಸಿಟ್ಟೆಲ್ಲ ಅಲ್ಲಿಗೇ ಹರಿದುಬಂತು. ಗಡಿಪಾರಾಗಿದ್ದ ಧರ್ಮಗುರು ಖೊಮೇನಿಯ ಭಾಷಣಗಳು ಕ್ಯಾಸೆಟ್ಟಿನಲ್ಲಿ ಇರಾನಿನೊಳಗೆ ಕೈಯಿಂದ ಕೈಗೆ ದಾಟಿದವು. 1979ರಲ್ಲಿ ಷಾ ಓಡಿಹೋದ. ನವೆಂಬರ್ 4ರಂದು ವಿದ್ಯಾರ್ಥಿಗಳು ಅಮೆರಿಕದ ರಾಯಭಾರ ಕಚೇರಿಗೆ ನುಗ್ಗಿದರು. 52 ಜನರನ್ನು 444 ದಿನ ಒತ್ತೆ ಇಟ್ಟುಕೊಂಡರು. ಟಿವಿಯಲ್ಲಿ ಅದನ್ನು ನೋಡಿದ ಅಮೆರಿಕದ ಜನಕ್ಕೆ ಇವರಿಗೆ ನಮ್ಮ ಮೇಲೆ ಇಷ್ಟು ಸಿಟ್ಟೇಕೆ ಎಂದು ಅರ್ಥವಾಗಲಿಲ್ಲ. ಹೆಚ್ಚಿನವರಿಗೆ 1953ರ ಕಥೆಯೇ ಗೊತ್ತಿರಲಿಲ್ಲ. ಇರಾನಿನವರಿಗೆ ಅದು ನಿನ್ನೆ ನಡೆದಂತಿತ್ತು.

ಸಿಟ್ಟು ನ್ಯಾಯವಾದದ್ದೇ. ಆದರೆ ಅದನ್ನು ಹಿಡಿದು ಗದ್ದುಗೆ ಏರಿದವರು ಮೊದಲು ಯಾರ ಮೇಲೆ ಕೈ ಮಾಡಿದರು? 1979ರ ಮಾರ್ಚ್ 8ರಂದು, ಕ್ರಾಂತಿಯಾಗಿ ಒಂದು ತಿಂಗಳೂ ಆಗಿರಲಿಲ್ಲ, ತೆಹರಾನಿನ ಹೆಂಗಸರು ತಲೆವಸ್ತ್ರದ ಕಡ್ಡಾಯ ಬೇಡ ಎಂದು ಬೀದಿಗೆ ಇಳಿಯಬೇಕಾಯಿತು. ಷಾನ ವಿರುದ್ಧ ಅದೇ ಬೀದಿಯಲ್ಲಿ ನಿಂತಿದ್ದ ಹೆಂಗಸರೇ ಅವರಲ್ಲಿ ಎಷ್ಟೋ ಮಂದಿ.

ಈಗ ನಮ್ಮ ಮನೆಯ ಒಂದು ವಿಷಯ.

ನಮ್ಮ ಅಜ್ಜಿಯ ಊರು ಸಾಗರ ತಾಲೂಕಿನ ಕರೂರು ಸೀಮೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ಏರಿತು. ಮನೆ, ತೋಟ, ಗದ್ದೆ ಎಲ್ಲ ಒಳಗೆ ಹೋಯಿತು. ನಾನು ಸಣ್ಣವನಿದ್ದಾಗ ಅಜ್ಜಿಯ ಪಕ್ಕ ಮಲಗುತ್ತಿದ್ದೆ. ಅವರು ನಿದ್ದೆ ಬರುವ ಮುಂಚೆ ಗದ್ದೆಗಳ ಹೆಸರು ಹೇಳುತ್ತಿದ್ದರು. ಹೊಳೆಯಂಚಿನ ಗದ್ದೆ, ಬಸರಿಮರದ ಗದ್ದೆ, ದೇವರಗದ್ದೆ, ಕೋಡಿಗದ್ದೆ. ಒಂದೂ ತಪ್ಪದೆ, ಅದೇ ಸಾಲಿನಲ್ಲಿ. ನೀರಿನ ಅಡಿಯಲ್ಲಿ ಗದ್ದೆಯ ಬದುವಿನ ಮೇಲೆ ನಡೆದುಕೊಂಡು ಹೋಗುವ ಹಾಗೆ. ಕರೆಂಟು ಊರೂರಿಗೆ ಹೋಯಿತು. ಮುಳುಗಡೆಯವರ ಎಷ್ಟೋ ಮನೆಗಳಲ್ಲಿ ಬಹಳ ಕಾಲ ಚಿಮಣಿ ದೀಪವೇ ಇತ್ತು. ಹಿನ್ನೀರಿನ ಆಚೆ ಉಳಿದವರು ಲಾಂಚಿಗೆ ಕಾದು ಕಾದು ದಾಟಿದರು. ಹೊಳೆಬಾಗಿಲಿನಲ್ಲಿ ಸೇತುವೆ ಆದದ್ದು 2025ರ ಜುಲೈನಲ್ಲಿ. ಅರವತ್ತು ವರ್ಷ! ಆ ನಡುವೆ ರಾತ್ರಿ ಹೊತ್ತು ಹೆರಿಗೆ ನೋವು ಬಂದ ಹೆಂಗಸರನ್ನು ನೆನೆಸಿಕೊಳ್ಳಿ. ಕೊಟ್ಟ ಜಾಗಕ್ಕೆ ಇನ್ನೂ ಹಕ್ಕುಪತ್ರ ಸಿಗದ ಕುಟುಂಬಗಳು ಇವತ್ತಿಗೂ ಇವೆ.

ಪ್ಯಾಲೆಸ್ಟೀನಿನಲ್ಲಿ 1948ರಲ್ಲಿ ಏಳು ಲಕ್ಷದಷ್ಟು ಜನ ಮನೆ ಬಿಟ್ಟು ಹೊರಡಬೇಕಾಯಿತು. ಆ ಮನೆಗಳ ಬೀಗದ ಕೈಯನ್ನು ಅವರ ಮೊಮ್ಮಕ್ಕಳು ಇಂದಿಗೂ ಇಟ್ಟುಕೊಂಡಿದ್ದಾರೆ ಎಂದು ಓದಿದಾಗ ನನಗೆ ಅಜ್ಜಿಯ ಗದ್ದೆಯ ಹೆಸರುಗಳೇ ನೆನಪಾದವು. ಎರಡೂ ಒಂದೇ ಅಲ್ಲ, ನನಗೆ ಗೊತ್ತು. ಅಲ್ಲಿ ಯುದ್ಧ, ರಕ್ತ. ಇಲ್ಲಿ ಅದಿಲ್ಲ. ನೋವಿನ ಜಾತಿ ಮಾತ್ರ ಒಂದೇ.

ನಮ್ಮ ಮುಳುಗಡೆಯ ಜನ ಏಕೆ ಬಾಂಬು ಹಿಡಿಯಲಿಲ್ಲ? ಒಳ್ಳೆಯವರು ಎಂದೇ? ಅಷ್ಟೇ ಅಲ್ಲ. ಹೇಳಿಕೊಳ್ಳಲು ಜಾಗ ಇತ್ತು. ಅರ್ಜಿ ಕೊಟ್ಟರು, ಪಾದಯಾತ್ರೆ ಮಾಡಿದರು, ಕೋರ್ಟಿಗೆ ಹೋದರು, ಮತ ಕೇಳಲು ಬಂದವರನ್ನು ಅಂಗಳದಲ್ಲೇ ನಿಲ್ಲಿಸಿ ಕೇಳಿದರು. ಅದಕ್ಕೂ ಮೊದಲು 1951ರಲ್ಲಿ ಕಾಗೋಡಿನ ಗೇಣಿದಾರರು, ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ಎದ್ದ ಜಗಳವನ್ನು ಸತ್ಯಾಗ್ರಹವಾಗಿ ಮಾಡಿ ತೋರಿಸಿದ್ದರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ನಿಧಾನವಾಗಿ, ಬಹಳ ನಿಧಾನವಾಗಿ ಕಾನೂನು ಬದಲಾಯಿತು.

ಆ ಬಾಗಿಲು ಮುಚ್ಚಿದೆ ಎಂದು ಅನಿಸಿದ ಕಡೆ ಏನಾಗುತ್ತದೆ ಎಂಬುದನ್ನೂ ಮಲೆನಾಡು ನೋಡಿದೆ. ಕುದುರೆಮುಖದ ಕಾಡಿನಂಚಿನವರಿಗೆ ಒಕ್ಕಲೆಬ್ಬಿಸುವ ಭಯ ಬಂದಾಗ ಕೆಲವು ಹುಡುಗ ಹುಡುಗಿಯರು ನಕ್ಸಲರ ಜೊತೆ ಕಾಡು ಸೇರಿದರು. ಅಲ್ಲಿ ದೇವರ ಹೆಸರೇ ಇರಲಿಲ್ಲ. ಇಪ್ಪತ್ತು ವರ್ಷ ಎರಡೂ ಕಡೆ ಹೆಣ ಬಿದ್ದವು. ಕೊನೆಗೆ 2025ರ ಜನವರಿಯಲ್ಲಿ ಆರು ಜನ ಶರಣಾದರು. ಆ ಕಾಡಿನ ಮನೆಗಳ ಕಷ್ಟ ನಿಜವಾಗಿತ್ತು. ಕೋವಿಯಿಂದ ಅವರಿಗೆ ಒಂದು ಗುಂಟೆ ಜಾಗವೂ ದಕ್ಕಲಿಲ್ಲ.

ಇಲ್ಲಿ ಕೂತ ಅಧ್ಯಾಪಕರಿಗೆಂದೇ ಈಗ ಒಂದು ಲೆಕ್ಕ ಹೇಳುತ್ತೇನೆ. ಮಕ್ಕಳೂ ಮಾಡಿ. ಕಲಾಶ್ನಿಕಾವ್ ಬಂದೂಕಿನ ಗುಂಡು ಸೆಕೆಂಡಿಗೆ 800 ಮೀಟರ್ ಹೋಗುತ್ತದೆ. ರಷ್ಯನ್ ಸೈನಿಕ 3,200 ಮೀಟರ್ ದೂರದಲ್ಲಿದ್ದಾನೆ. ಹೋರಾಟಗಾರ ಅವನ ತಲೆಗೆ ಗುರಿ ಇಟ್ಟರೆ ಗುಂಡು ಹಣೆಗೆ ತಾಗಲು ಎಷ್ಟು ಸೆಕೆಂಡು ಬೇಕು?

ನಾಲ್ಕು. ಸರಿಯಾಗಿ ಹೇಳಿದಿರಿ.

ಇದು ನಾನು ಕಟ್ಟಿದ ಲೆಕ್ಕ ಅಲ್ಲ. 1980ರ ದಶಕದಲ್ಲಿ ಅಫ್ಘನ್ ಮಕ್ಕಳ ನಾಲ್ಕನೇ ತರಗತಿಯ ಗಣಿತ ಪುಸ್ತಕದಲ್ಲಿ ಇದ್ದದ್ದು. ಎಣಿಕೆ ಕಲಿಸಲು ಗುಂಡು, ಟ್ಯಾಂಕಿನ ಚಿತ್ರಗಳು. ಆ ಪುಸ್ತಕಗಳು ತಯಾರಾದದ್ದು ಅಮೆರಿಕ ಸರ್ಕಾರದ ದುಡ್ಡಿನಲ್ಲಿ, ನೆಬ್ರಾಸ್ಕಾದ ವಿಶ್ವವಿದ್ಯಾಲಯವೊಂದರ ಕೇಂದ್ರದ ಮೂಲಕ. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿತ್ತು. ಅದನ್ನು ಹಣಿಯಲು ಅಮೆರಿಕ, ಸೌದಿ, ಪಾಕಿಸ್ತಾನ ಮೂರೂ ಸೇರಿ ದುಡ್ಡು, ಆಯುಧ, ಧರ್ಮಯುದ್ಧದ ಪಾಠ ಎಲ್ಲವನ್ನೂ ಸುರಿದವು. 1989ರಲ್ಲಿ ಸೋವಿಯತ್ತರು ಹೊರಟರು, ಅಮೆರಿಕವೂ ಬೆನ್ನು ತಿರುಗಿಸಿತು. 1986ರಲ್ಲಿ ಒಂಬತ್ತು ವರ್ಷದ ಹುಡುಗ ಈ ಲೆಕ್ಕ ಮಾಡಿದ್ದರೆ, 1996ರಲ್ಲಿ ತಾಲಿಬಾನ್ ಕಾಬೂಲ್ ಹಿಡಿದಾಗ ಅವನಿಗೆ ಹತ್ತೊಂಬತ್ತು. ಆ ಪುಸ್ತಕಗಳು ಹಂಚಿಕೆಯಾದದ್ದು ಪಾಕಿಸ್ತಾನದ ಪೇಶಾವರದ ನಿರಾಶ್ರಿತರ ಶಿಬಿರಗಳಲ್ಲಿ. ಅದೇ ಪೇಶಾವರದ ಒಂದು ಶಾಲೆಗೆ 2014ರ ಡಿಸೆಂಬರ್ 16ರಂದು ಬಂದೂಕುಧಾರಿಗಳು ನುಗ್ಗಿ 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದರು. ಎಲ್ಲ ಮುಸ್ಲಿಂ ದೇಶದ ಮಕ್ಕಳೇ. ಇಸ್ಲಾಂ ಹೆಸರಿನ ಉಗ್ರವಾದಕ್ಕೆ ಬಲಿಯಾದವರಲ್ಲಿ ಹೆಚ್ಚಿನವರು ಮುಸ್ಲಿಮರೇ ಎಂಬುದನ್ನು ನಾವು ಮರೆಯುತ್ತೇವೆ. ಮೇಷ್ಟ್ರಾಗಿ ಈ ಲೆಕ್ಕವನ್ನು ನಾನು ಎಷ್ಟು ಸಲ ಓದಿದರೂ ಕೈ ನಡುಗುತ್ತದೆ. ಯಾರೋ ಒಬ್ಬರು ಕೂತು ಅದನ್ನು ಬರೆದಿದ್ದಾರೆ. ಉತ್ತರ ಪೂರ್ಣಾಂಕ ಬರುವ ಹಾಗೆ ಸಂಖ್ಯೆ ಆರಿಸಿದ್ದಾರೆ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ನೀವೇ ಕಂಡದ್ದು. 1990ರಲ್ಲಿ ಕುವೈತಿನ ಮೇಲೆ ಸದ್ದಾಂ ಬಿದ್ದಾಗ ಅಮೆರಿಕದ ಸೈನ್ಯ ಸೌದಿಗೆ ಬಂತು, ಬಿನ್ ಲಾದೆನ್ ಅದನ್ನೇ ನೆಪ ಮಾಡಿಕೊಂಡ. 2001ರಲ್ಲಿ ಮೂರು ಸಾವಿರದಷ್ಟು ಜನ ಸತ್ತರು, ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೋದವರು. 2003ರಲ್ಲಿ ಇಲ್ಲದ ಅಸ್ತ್ರದ ಹೆಸರಿನಲ್ಲಿ ಇರಾಕಿನ ಮೇಲೆ ಯುದ್ಧವಾಯಿತು. ಮರುವರ್ಷ ಅಬು ಗ್ರೇಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಇರಾಕಿ ಕೈದಿಗಳನ್ನು ಹಿಂಸಿಸಿದ ಚಿತ್ರಗಳು ಬಂದವು.

ಆ ಚಿತ್ರಗಳು ಬಂದ ವಾರ ನನ್ನ ತರಗತಿಯ ಒಬ್ಬ ಹುಡುಗ ಸ್ಟಾಫ್ ರೂಮಿಗೆ ಬಂದ. ಮುಸ್ಲಿಂ ಹುಡುಗ, ಚೆನ್ನಾಗಿ ಓದುತ್ತಿದ್ದ. ಕಣ್ಣು ಕೆಂಪಾಗಿತ್ತು. "ಸರ್, ಅಮೆರಿಕದವರೆಲ್ಲ ಮೃಗಗಳು" ಎಂದ. ನಾನು ಅವನಿಗೆ 2003ರ ಫೆಬ್ರವರಿ 15ರ ಸುದ್ದಿ ಇದ್ದ ಪತ್ರಿಕೆ ತೆಗೆದು ತೋರಿಸಿದೆ. ಯುದ್ಧ ಬೇಡ ಎಂದು ಲಂಡನ್ನಿನಲ್ಲೇ ಲಕ್ಷಾಂತರ ಜನ ಬೀದಿಗೆ ಬಂದಿದ್ದರು. ನ್ಯೂಯಾರ್ಕಿನಲ್ಲೂ, ರೋಮಿನಲ್ಲೂ. ಅವನು ಬಹಳ ಹೊತ್ತು ಚಿತ್ರ ನೋಡಿದ. "ಇವರನ್ನ ಯಾರೂ ತೋರಿಸಲ್ಲ ಸರ್" ಎಂದ.

ನನ್ನ ಪ್ರಕಾರ ಬೇರು ಇರುವುದು ಆ "ಎಲ್ಲ" ಎಂಬಲ್ಲಿ. ಇಂಥ ಕಂಪನಿ, ಇಂಥ ಇಸವಿ, ಇಂಥ ಮಂತ್ರಿ ಎನ್ನುವವರೆಗೆ ಅದು ಸಿಟ್ಟು. "ಅವರೆಲ್ಲ" ಎಂದ ಕೂಡಲೇ ಅದು ಬೇರೆಯದೇ ಆಗುತ್ತದೆ. ಅಲ್ಲಿಂದ ಮುಂದೆ ನೋವು ಇದ್ದವರ ಕೈಯಲ್ಲಿ ಅದು ಇರುವುದಿಲ್ಲ, ಅದನ್ನು ಬಳಸಿಕೊಳ್ಳುವವರ ಕೈಗೆ ಹೋಗಿರುತ್ತದೆ. ಪಶ್ಚಿಮದಲ್ಲೂ ಹಾಗೇ ಆಯಿತು. 2017ರಲ್ಲಿ ಕಾನ್ಸಸ್‌ನಲ್ಲಿ ಹೈದರಾಬಾದ್ ಕಡೆಯ ಒಬ್ಬ ಎಂಜಿನಿಯರ್ ಹುಡುಗನನ್ನು ಇರಾನಿನವನು ಎಂದು ತಿಳಿದು ಗುಂಡಿಟ್ಟು ಕೊಂದರು. ನಮ್ಮ ಮಕ್ಕಳೂ ಅಲ್ಲೇ ಇದ್ದಾರೆ.

ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ನೆಂಟರ ಮನೆಗೆ ಹೋಗಿದ್ದೆ. ರಾತ್ರಿ ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹತ್ತು ಹನ್ನೆರಡು ಜನ ಅಡಿಕೆ ಸುಲಿಯುತ್ತಿದ್ದರು. ಮೊದಲೆಲ್ಲ ಆ ಹೊತ್ತಿಗೆ ಯಕ್ಷಗಾನದ ಪದ, ಊರ ಸುದ್ದಿ. ಈಗ ಒಬ್ಬ ಹುಡುಗ ಮೊಬೈಲಿನಲ್ಲಿ ಯಾರದೋ ಭಾಷಣ ಜೋರಾಗಿ ಹಾಕಿದ್ದ. ಭಾಷಣದ ತುಂಬ "ಅವರೆಲ್ಲ, ಅವರೆಲ್ಲ". ನಾನು ಕೇಳಿದೆ, "ಅವರೆಲ್ಲ ಅಂದ್ರೆ ಯಾರೋ? ನಮ್ಮ ಅಡಿಕೆ ಮಂಡಿಗೆ ಹೊಡೆಯುವ ಲಾರಿ ಸಾಬರೂ ಸೇರಿನಾ?" ಅವನು, "ಅಯ್ಯೋ ಅವರಲ್ಲ ಮಾವ, ಅವರು ನಮ್ಮವರು" ಎಂದ. ಆ ಉತ್ತರದಿಂದ ನನಗೆ ಸಮಾಧಾನ ಆಗಲಿಲ್ಲ. ಗೊತ್ತಿರುವ ಒಬ್ಬರನ್ನು ಪಕ್ಕಕ್ಕೆ ತೆಗೆದಿಟ್ಟು, ಗೊತ್ತಿಲ್ಲದ ಕೋಟಿ ಜನರನ್ನು ದ್ವೇಷಿಸುವುದು ಎಷ್ಟು ಸಲೀಸು! ಕೈರೋದಲ್ಲೂ, ಕಾನ್ಸಸ್‌ನಲ್ಲೂ, ಆ ಅಂಗಳದಲ್ಲೂ ಅದು ಒಂದೇ ಕ್ರಮ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು. "ಸರ್, ಹಾಗಾದ್ರೆ ನಮಗೆ ಅನ್ಯಾಯ ಆದಾಗ ಸಿಟ್ಟೇ ಮಾಡ್ಕೋಬಾರ್ದಾ? ಸುಮ್ನೆ ಇರಬೇಕಾ?"

ಖಂಡಿತ ಬೇಡಮ್ಮ ಎಂದೆ. ನಮ್ಮ ಅಜ್ಜಿ ಸಾಯುವ ತನಕ ಸಿಟ್ಟಿನಲ್ಲೇ ಇದ್ದರು. ಅವರು ಹೇಳಿ ಅಜ್ಜ ಬರೆದ ಅರ್ಜಿಗಳ ಒಂದು ಕಟ್ಟು ನನ್ನ ಹತ್ತಿರ ಇದೆ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟದ್ದು. ಮೂವತ್ತೊಂದು ಅರ್ಜಿ. ಪ್ರತಿಯೊಂದರಲ್ಲೂ ಸರ್ವೆ ನಂಬರ್ ಇದೆ, ಎಕರೆ ಗುಂಟೆ ಇದೆ, ಕೊಡಬೇಕಾದ ಪರಿಹಾರದ ಲೆಕ್ಕ ಇದೆ, ಯಾವ ತಾರೀಖಿಗೆ ಯಾರು ಏನೆಂದು ಮಾತು ಕೊಟ್ಟಿದ್ದರು ಎಂಬುದೂ ಇದೆ. ಗದ್ದೆಗಳ ಹೆಸರು ಅದೇ ಸಾಲಿನಲ್ಲಿ ಇವೆ.

ನೋಡಬಹುದಾ ಎಂದು ಕೇಳಿದಳು. ಮುಂದಿನ ಶನಿವಾರ ತರುತ್ತೇನೆ ಎಂದಿದ್ದೇನೆ. ಕಾಗದ ಹಪ್ಪಳದ ಹಾಗೆ ಆಗಿದೆ, ಈ ಮಳೆಯಲ್ಲಿ ನೆನೆಯದಂತೆ ತರಬೇಕು.